ನಾಲ್ಕು ಚೀಟಿಗಳಲ್ಲಿ ಹಂಚಿಹೋದ ಕಾಯಿಲೆ

ಮೇಜಿನ ಮೇಲೆ ನಾಲ್ಕು ಕಾಗದಗಳು ಬಿದ್ದವು. ಒಂದು ಔಷಧ ಅಂಗಡಿಯ ರಸೀದಿ, ಎರಡು ವೈದ್ಯರ ಚೀಟಿ, ಒಂದು ಪ್ರಯೋಗಾಲಯದ ವರದಿ. ತಂದವನಿಗೆ 24 ವರ್ಷ. ದೊಡ್ಡ ನಗರದಲ್ಲಿ ಕೆಲಸ, ಗೆಳೆಯನ ಜೊತೆ ಬಾಡಿಗೆ ಕೋಣೆ. ಮೂರು ವಾರದಿಂದ ಮೈಮೇಲೆ ಕೆಂಪು ಮಚ್ಚೆಗಳೆದ್ದಿವೆ, ತುರಿಸುವುದಿಲ್ಲ, ನೋಯುವುದಿಲ್ಲ, ಹೋಗುವುದೂ ಇಲ್ಲ ಎಂಬುದು ಆತನ ದೂರು. ಜೊತೆಗೆ ಬಂದಿದ್ದ ಗೆಳೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ.

ಮೊದಲೇ ಒಂದು ಮಾತು. ಯಾರ ಗುರುತೂ ಸಿಗಬಾರದೆಂದು ಒಂದೇ ಬಗೆಯ ಹಲವು ರೋಗಿಗಳ ವಿವರಗಳನ್ನು ಸೇರಿಸಿ ಈ ಪ್ರಕರಣವನ್ನು ಹೆಣೆದಿದ್ದೇನೆ. ಕಾಯಿಲೆಯ ನಡೆ, ಪರೀಕ್ಷೆ ಮತ್ತು ಚಿಕಿತ್ಸೆಯ ವಿವರಗಳಲ್ಲಿ ಮಾತ್ರ ಯಾವ ಬಣ್ಣವನ್ನೂ ಹಚ್ಚಿಲ್ಲ.

ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಹತ್ತು ವಾರದ ಹಿಂದಿನ ರಸೀದಿಯಲ್ಲಿ ವಿಟಮಿನ್ ಮಾತ್ರೆ ಮತ್ತು ಬಾಯಿಹುಣ್ಣಿಗೆ ಸವರುವ ಜೆಲ್. ನಾಲ್ಕು ವಾರದ ಹಿಂದಿನ ಚೀಟಿಯಲ್ಲಿ ಗಂಟಲುನೋವು, ಸಣ್ಣ ಜ್ವರ, ಮೂರು ದಿನದ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್. ಎರಡು ವಾರದ ಹಿಂದಿನದರಲ್ಲಿ 'ಅಲರ್ಜಿ ಇರಬಹುದು' ಎಂಬ ಬರಹ, ಅದರ ಕೆಳಗೆ ಅಲರ್ಜಿಯ ಮಾತ್ರೆ, ಒಂದು ಸ್ಟೀರಾಯ್ಡ್ ಮುಲಾಮು. ಕೊನೆಯದು ಹಿಂದಿನ ವಾರ ಆತನೇ ಮಾಡಿಸಿಕೊಂಡ ರಕ್ತಪರೀಕ್ಷೆ. ಅಂತರ್ಜಾಲದಲ್ಲಿ ಏನನ್ನೋ ಓದಿ, ಯಾರಿಗೂ ಹೇಳದೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರನ್ನು ಕರೆಸಿದ್ದ. ವಿಡಿಆರ್‌ಎಲ್ (ಲೈಂಗಿಕ ಸಂಪರ್ಕದಿಂದ ಹರಡುವ ಒಂದು ಸೋಂಕಿನ ಪರೀಕ್ಷೆ): ನಾನ್ ರಿಯಾಕ್ಟಿವ್, ಎಂದರೆ ಸೋಂಕಿನ ಸುಳಿವಿಲ್ಲ.

ಎರಡೂ ಚೀಟಿಗಳ ತಲೆಯಲ್ಲಿ ವಯಸ್ಸಿನ ಪಕ್ಕದಲ್ಲೇ 'ಅವಿವಾಹಿತ' ಎಂದು ಬರೆದಿತ್ತು. ಆ ಪದ ಬರೆದ ಮೇಲೆ ಮುಂದಿನ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬೇರೆಯವರನ್ನು ದೂರುವ ಮೊದಲು ನನ್ನದನ್ನೂ ಹೇಳಬೇಕು. ನಾನು ಪ್ರಶ್ನೆಯನ್ನೇನೋ ಕೇಳಿದೆ, ಆದರೆ ಗೆಳೆಯ ಅಲ್ಲೇ ಕೂತಿರುವಾಗ ಕೇಳಿದೆ. "ಲೈಂಗಿಕ ಸಂಪರ್ಕ ಏನಾದರೂ?" "ಇಲ್ಲ ಡಾಕ್ಟರ್." ಇಲ್ಲ ಎಂದು ಬರೆದುಕೊಂಡೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರಿಂದಲೂ ಇಂತಹ ತಪ್ಪಾಗುತ್ತದೆ. ಹೊರಗೆ ಸಾಲು ಉದ್ದವಿತ್ತು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ಅಂಗೈ

ಅಂಗಿ ತೆಗೆಸಿ ನೋಡಿದಾಗ ಎದೆ, ಹೊಟ್ಟೆ, ಬೆನ್ನಿನ ಮೇಲೆ ತಾಮ್ರದ ಬಣ್ಣದ ಸಣ್ಣ ಮಚ್ಚೆಗಳು. ಇಷ್ಟೇ ಆಗಿದ್ದರೆ ಅಲರ್ಜಿ ಎನ್ನಬಹುದಿತ್ತು, ವೈರಸ್ಸಿನ ದದ್ದು ಎನ್ನಬಹುದಿತ್ತು, ಪಿಟಿರಿಯಾಸಿಸ್ ರೋಸಿಯಾ ಎಂಬ ಚರ್ಮದ ಕಾಯಿಲೆ ಎಂದೂ ಹೇಳಬಹುದಿತ್ತು. ಆಮೇಲೆ ಅಂಗೈ ತೋರಿಸಲು ಹೇಳಿದೆ. ಎರಡೂ ಅಂಗೈಗಳಲ್ಲಿ ಚರ್ಮದ ಒಳಗಿನಿಂದ ಬಣ್ಣ ಬಂದಂತೆ ಕಂದುಗೆಂಪು ಚುಕ್ಕೆಗಳು, ಕೆಲವದರ ಅಂಚಿನಲ್ಲಿ ತೆಳ್ಳನೆಯ ಹೊಟ್ಟು. ಚಪ್ಪಲಿ ಬಿಚ್ಚಿಸಿದೆ. ಅಂಗಾಲಿನಲ್ಲೂ ಅವೇ.

ಅಂಗೈ, ಅಂಗಾಲುಗಳಿಗೆ ಬರುವ ದದ್ದುಗಳ ಪಟ್ಟಿ ಚಿಕ್ಕದು. ಪ್ರಾಯದವರಲ್ಲಿ, ತುರಿಕೆಯಿಲ್ಲದೆ, ಮೈತುಂಬ ಮಚ್ಚೆಗಳ ಜೊತೆಗೆ ಬಂದರೆ ಆ ಪಟ್ಟಿಯ ಮೊದಲ ಹೆಸರು ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಂಟುಗಳು ಕೈಗೆ ಸಿಕ್ಕವು. ಮೊಣಕೈಯ ಒಳಬದಿಯ ಸಣ್ಣ ಗಂಟೂ ಸಿಕ್ಕಿತು. ಅದನ್ನು ಹುಡುಕಿ ಮುಟ್ಟುವ ಅಭ್ಯಾಸ ಈಗ ಕಡಿಮೆಯಾಗಿದೆ. ನಾಲಗೆಯ ಅಂಚಿನಲ್ಲಿ ಬೂದುಬಿಳುಪಿನ ಒಂದು ತೇಪೆ. ತಲೆಯ ಹಿಂಭಾಗದಲ್ಲಿ ನುಸಿ ತಿಂದ ಉಣ್ಣೆಯಂತೆ ಅಲ್ಲಲ್ಲಿ ಕೂದಲು ತೆಳ್ಳಗಾಗಿತ್ತು. ಅದಕ್ಕೆಂದು ಬೇರೆಯೇ ಒಂದು ದ್ರವವನ್ನು ತರಿಸಿ ಹಚ್ಚಿಕೊಳ್ಳುತ್ತಿದ್ದನಂತೆ. ಕೂದಲು ಉದುರುವುದಕ್ಕೂ ಮೈಮೇಲಿನ ಮಚ್ಚೆಗೂ ಸಂಬಂಧವಿರಬಹುದೆಂದು ಆತನಿಗೆ ಹೇಗೆ ಗೊತ್ತಾಗಬೇಕು?

ಗೆಳೆಯನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದೆ. ಪ್ರಶ್ನೆಯನ್ನೂ ಬದಲಾಯಿಸಿದೆ.

"ಕಳೆದ ಆರು ತಿಂಗಳಲ್ಲಿ ನಿಮ್ಮ ಬಾಯಿ, ಕೈ, ಜನನಾಂಗ, ಇವುಗಳಲ್ಲಿ ಯಾವುದಾದರೂ ಇನ್ನೊಬ್ಬರ ದೇಹಕ್ಕೆ ತಾಗಿದೆಯೇ?"

ತುಸು ಹೊತ್ತು ಸುಮ್ಮನಿದ್ದ. "ಬಾಯಿಯಿಂದ ಆದದ್ದು ಲೆಕ್ಕಕ್ಕೆ ಬರುತ್ತದೆಯೇ?"

ಬರುತ್ತದೆ. ಆತ ಸುಳ್ಳು ಹೇಳಿರಲಿಲ್ಲ. 'ಸಂಪರ್ಕ' ಎಂಬ ನನ್ನ ಪದಕ್ಕೆ ಅವನಲ್ಲಿದ್ದ ಅರ್ಥ ಬೇರೆ, ನನ್ನಲ್ಲಿದ್ದದ್ದು ಬೇರೆ. ಒಬ್ಬಳು ಗೆಳತಿ ಇದ್ದಾಳೆ, ಎಂಟು ತಿಂಗಳ ಪರಿಚಯ. ನಡುವೆ ಜಗಳವಾಗಿ ಕೆಲವು ವಾರ ದೂರವಾಗಿದ್ದರು. ಆ ಬಿಡುವಿನಲ್ಲಿ ಮೊಬೈಲಿನ ಆ್ಯಪ್ ಒಂದರಲ್ಲಿ ಪರಿಚಯವಾದ ಒಬ್ಬರನ್ನು ಒಮ್ಮೆ ಭೇಟಿಯಾಗಿದ್ದ. ಅದು ಹದಿನಾಲ್ಕು ವಾರದ ಹಿಂದೆ. ಅವರು ಗಂಡೋ ಹೆಣ್ಣೋ ಎಂಬುದು ನನಗೆ ಗೊತ್ತಾಗಬೇಕಿತ್ತು, ಯಾವ ಜಾಗದಿಂದ ಮಾದರಿ ತೆಗೆಯಬೇಕೆಂಬುದು ಅದರ ಮೇಲೆ ನಿಂತಿರುತ್ತದೆ. ಓದುಗರಿಗೆ ಗೊತ್ತಾಗಬೇಕಿಲ್ಲ. ಕಾಂಡೋಮ್ ಬಳಸಿದ್ದ, ಆದರೆ ಬಾಯಿಗೆ ಸಂಬಂಧಿಸಿದ್ದಕ್ಕೆ ಅದು ಬೇಕೆಂದು ತೋಚಿರಲಿಲ್ಲ.

ಈಗ ತಾರೀಖುಗಳು ತಾವೇ ಮಾತಾಡತೊಡಗಿದವು. ಭೇಟಿಯಾದ ನಾಲ್ಕನೆಯ ವಾರಕ್ಕೆ ಕೆಳತುಟಿಯ ಒಳಗೆ ಒಂದೇ ಒಂದು ಹುಣ್ಣು. ಬಾಯಿಹುಣ್ಣು ಎಂದರೆ ಉರಿಯಬೇಕು, ಉಣ್ಣುವಾಗ ಪ್ರಾಣ ಹಿಂಡಬೇಕು. ಇದು ನೋಯಲೇ ಇಲ್ಲ, ಅಂಚು ಗಟ್ಟಿಯಾಗಿತ್ತಂತೆ. ಸಿಫಿಲಿಸ್ ಸೋಂಕಿದ 10ರಿಂದ 90 ದಿನಗಳ ಒಳಗೆ, ಸಾಮಾನ್ಯವಾಗಿ ಮೂರು ವಾರದ ಸುಮಾರಿಗೆ, ರೋಗಾಣು ಹೊಕ್ಕ ಜಾಗದಲ್ಲೇ ಇಂತಹ ಹುಣ್ಣು ಏಳುತ್ತದೆ. ಚಿಕಿತ್ಸೆ ಇರಲಿ ಬಿಡಲಿ ಮೂರರಿಂದ ಆರು ವಾರಕ್ಕೆ ಮಾಯುತ್ತದೆ. ಇವನದೂ ಮಾಯಿತು. ಯಶಸ್ಸು ವಿಟಮಿನ್ ಮಾತ್ರೆಯ ಖಾತೆಗೆ ಸೇರಿತು. ಅಷ್ಟರಲ್ಲಿ ರೋಗಾಣು ರಕ್ತದಲ್ಲಿ ಮೈಯೆಲ್ಲ ಸುತ್ತಿ, ಎರಡನೆಯ ಹಂತದಲ್ಲಿ ಮೊದಲು ಜ್ವರವಾಗಿ, ಗಂಟಲುನೋವಾಗಿ, ಆಮೇಲೆ ಮಚ್ಚೆಯಾಗಿ ಹೊರಬಂದಿತ್ತು.

ಅಜಿತ್ರೊಮೈಸಿನ್ ಅದನ್ನು ತಡೆಯಬೇಕಿತ್ತಲ್ಲವೇ ಎಂದು ಕೆಲವರು ಕೇಳಬಹುದು. ಒಂದು ಕಾಲಕ್ಕೆ ತಡೆಯುತ್ತಿತ್ತು. ಜಗತ್ತಿನ ಬಹಳಷ್ಟು ಕಡೆ ಸಿಫಿಲಿಸ್ ರೋಗಾಣು ಈಗ ಆ ಔಷಧಕ್ಕೆ ಬಗ್ಗುವುದಿಲ್ಲ.

ನಾಲ್ಕು ಕಾಗದಗಳಲ್ಲಿ ಯಾವುದನ್ನೇ ಒಂಟಿಯಾಗಿ ನೋಡಿದರೂ ತಪ್ಪು ಕಾಣುವುದಿಲ್ಲ. ತುಟಿಯ ಹುಣ್ಣಿಗೆ ಜೆಲ್ ಕೊಟ್ಟ ಅಂಗಡಿಯವನು ಮಚ್ಚೆ ನೋಡಿಲ್ಲ. ಗಂಟಲು ನೋಡಿದವರಿಗೆ ಹುಣ್ಣಿನ ಸುದ್ದಿ ಗೊತ್ತಿಲ್ಲ. ಮಚ್ಚೆ ನೋಡಿದವರಿಗೆ ಗಂಟಲಿನದು ಗೊತ್ತಿಲ್ಲ. ಸಿಫಿಲಿಸ್ಸನ್ನು ಬಹುರೂಪಿ ಎನ್ನುತ್ತಾರೆ, ನೂರು ಕಾಯಿಲೆಗಳ ವೇಷ ಹಾಕಬಲ್ಲದು. ಆದರೆ ವೇಷಗಳು ಬರುವ ಕ್ರಮ ಬದಲಾಗುವುದು ಅಪರೂಪ. ಆ ಕ್ರಮವನ್ನು ಒಬ್ಬರು ಕೂತು ನೋಡಿದರೆ ಗುರುತು ಸಿಗುತ್ತದೆ. ನಗರದಲ್ಲಿ ಹಾಗೆ ಕೂತು ನೋಡುವವರು ಯಾರು? ಪ್ರತಿಸಲವೂ ಹತ್ತಿರದ ಬೇರೊಂದು ಬಾಗಿಲು, ಬೇರೊಬ್ಬ ವೈದ್ಯ, ಮತ್ತೆ ಮೊದಲಿನಿಂದ ಕಥೆ. ಯಾರೂ ಗುರುತು ಹಿಡಿಯದ ಊರು ಪ್ರಾಯದವರಿಗೆ ಕೊಡುವ ಸ್ವಾತಂತ್ರ್ಯವನ್ನೇ ಅದು ಕಾಯಿಲೆಗೂ ಕೊಡುತ್ತದೆ.

ಸುಳ್ಳಾಡದ ವರದಿ

ವರದಿಯ ವಿಷಯ ಉಳಿದಿತ್ತು. "ನಾನ್ ರಿಯಾಕ್ಟಿವ್ ಬಂದಿದೆಯಲ್ಲ ಡಾಕ್ಟರ್, ಮತ್ತೆ ಹೇಗೆ?" ಎಂದು ಆತ ಕೇಳಿದ್ದು ನ್ಯಾಯವೇ. ಆ ಕಾಗದವನ್ನು ನೋಡಿ ಒಂದು ವಾರ ನೆಮ್ಮದಿಯಿಂದ ನಿದ್ದೆ ಮಾಡಿದ್ದ.

ವಿಡಿಆರ್‌ಎಲ್ ಎಂಬ ಸಿಫಿಲಿಸ್ ಪರೀಕ್ಷೆ 1946ರಷ್ಟು ಹಳೆಯದು. ಅದು ರೋಗಾಣುವನ್ನು ಹುಡುಕುವುದಿಲ್ಲ, ಸೋಂಕಿಗೆ ಪ್ರತಿಯಾಗಿ ದೇಹ ತಯಾರಿಸಿದ ಒಂದು ಬಗೆಯ ಪ್ರತಿಕಾಯಗಳನ್ನು ಹುಡುಕುತ್ತದೆ. ಪ್ರತಿಕಾಯಕ್ಕೆ ಎರಡು ಕೈಗಳಿವೆ ಎಂದುಕೊಳ್ಳಿ. ಒಂದು ಕೈಯಲ್ಲಿ ಪರೀಕ್ಷೆಯ ದ್ರಾವಣದ ಒಂದು ಕಣ, ಇನ್ನೊಂದರಲ್ಲಿ ಮತ್ತೊಂದು ಕಣ ಹಿಡಿದರೆ ಗೊಂಚಲು ಕಟ್ಟುತ್ತದೆ. ಆ ಗೊಂಚಲು ಸೂಕ್ಷ್ಮದರ್ಶಕದಲ್ಲಿ ಕಂಡರೆ ಪರೀಕ್ಷೆ ರಿಯಾಕ್ಟಿವ್. ಎರಡನೆಯ ಹಂತದ ಸಿಫಿಲಿಸ್‌ನಲ್ಲಿ ಒಮ್ಮೊಮ್ಮೆ ಪ್ರತಿಕಾಯಗಳು ಎಷ್ಟು ಹೆಚ್ಚಾಗಿರುತ್ತವೆಂದರೆ ಒಂದೊಂದು ಕಣವನ್ನೂ ಹತ್ತಾರು ಮುತ್ತಿಕೊಂಡು, ಎರಡನೆಯ ಕೈಗೆ ಹಿಡಿಯಲು ಬೇರೆ ಕಣವೇ ಸಿಗುವುದಿಲ್ಲ. ಗೊಂಚಲು ಕಟ್ಟುವುದಿಲ್ಲ. ಕಾಯಿಲೆ ಉಕ್ಕುತ್ತಿರುವಾಗಲೇ ವರದಿ 'ಇಲ್ಲ' ಎನ್ನುತ್ತದೆ. ಇದಕ್ಕೆ ಪ್ರೊಜೋನ್ ಎಂದು ಹೆಸರು. ರಕ್ತದ ಸೀರಮ್ಮನ್ನು ತೆಳುಗೊಳಿಸಿ ಮತ್ತೆ ನೋಡಿದರೆ ಗುಟ್ಟು ಬಯಲಾಗುತ್ತದೆ.

ಇದು ಪದೇಪದೇ ಆಗುವಂಥದ್ದಲ್ಲ. ತೆಳುಗೊಳಿಸಿ ನೋಡಬೇಕೆಂದು ವೈದ್ಯರು ಹೇಳಿ ಕಳುಹಿಸಬೇಕು, ಹಾಗೆ ಹೇಳಲು ಅನುಮಾನವಿರಬೇಕು, ಅನುಮಾನ ಬರಲು ಅಂಗೈ ನೋಡಿರಬೇಕು. ಮನೆಬಾಗಿಲಿಗೆ ಬಂದು ರಕ್ತ ಒಯ್ಯುವ ವ್ಯವಸ್ಥೆ ಮುಜುಗರವನ್ನು ತಪ್ಪಿಸುತ್ತದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪ್ರಯೋಗಾಲಯಕ್ಕೆ ಹೋಗುವುದು ರಕ್ತ ಮಾತ್ರ, ರೋಗಿಯ ಅಂಗೈ ಹೋಗುವುದಿಲ್ಲ.

ಹೊಸ ಮಾದರಿಯನ್ನು ಟಿಪ್ಪಣಿ ಬರೆದು ಕಳುಹಿಸಿದೆ. ಹಾಗೇ ನೋಡಿದಾಗ ನಾನ್ ರಿಯಾಕ್ಟಿವ್, ತೆಳುಗೊಳಿಸುತ್ತಾ ಹೋದಾಗ 1:256ರವರೆಗೂ, ಎಂದರೆ 256 ಪಟ್ಟು ತೆಳುಗೊಳಿಸಿದರೂ, ರಿಯಾಕ್ಟಿವ್. ರೋಗಾಣುವಿಗೇ ವಿಶಿಷ್ಟವಾದ ಟಿಪಿಎಚ್‌ಎ ಪರೀಕ್ಷೆಯೂ ಪಾಸಿಟಿವ್. ಎಚ್‌ಐವಿಗೆ ನಾಲ್ಕನೆಯ ತಲೆಮಾರಿನ ಪರೀಕ್ಷೆ ಮಾಡಿಸಿದೆ, ನೆಗೆಟಿವ್. ಆ ಪರೀಕ್ಷೆಯಲ್ಲಿ ಸಂಪರ್ಕವಾಗಿ 45 ದಿನ ಕಳೆದ ಮೇಲೆ ಬಂದ ನೆಗೆಟಿವ್ ಅನ್ನು ನಂಬಬಹುದು, ಇಲ್ಲಿ 98 ದಿನಗಳಾಗಿದ್ದವು. ಹೆಪಟೈಟಿಸ್ ಬಿ ಇರಲಿಲ್ಲ, ಲಸಿಕೆಯೂ ಆಗಿರಲಿಲ್ಲ, ಆರಂಭಿಸಿದೆವು. ಕಣ್ಣು ಮಂಜಾಗುತ್ತದೆಯೇ, ಕಿವಿಯಲ್ಲಿ ಗುಂಯ್‌ಗುಡುತ್ತದೆಯೇ, ತಲೆನೋವಿದೆಯೇ ಎಂದು ಕೇಳಿದೆ. ಸಿಫಿಲಿಸ್ ಯಾವ ಹಂತದಲ್ಲೂ ಕಣ್ಣು, ಕಿವಿ, ನರಮಂಡಲಕ್ಕೆ ಇಳಿಯಬಹುದು. ಅಂಥದ್ದೇನೂ ಇರಲಿಲ್ಲ.

ಮೂತ್ರದ ಮಾದರಿ ಒಂದು ಹೊಸ ಸುದ್ದಿ ತಂದಿತು. ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೆರಡು ಸೋಂಕುಗಳಲ್ಲಿ ಗೊನೊರಿಯಾ ಇಲ್ಲ, ಕ್ಲಮೈಡಿಯಾ ಇದೆ. ಉರಿಮೂತ್ರವಾಗಲಿ ಸ್ರಾವವಾಗಲಿ ಆತನಿಗೆ ಎಂದೂ ಆಗಿರಲಿಲ್ಲ. ಕ್ಲಮೈಡಿಯಾದ ಸ್ವಭಾವವೇ ಅದು. ಗಂಡಸರಲ್ಲಿ ಬಹಳಷ್ಟು ಮಂದಿಗೆ, ಹೆಂಗಸರಲ್ಲಿ ಇನ್ನೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಒಂದು ಸೂಜಿ, ಒಂದು ರಾತ್ರಿ

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಸುಲಭದ ಭಾಗ. ಸಿಫಿಲಿಸ್‌ಗೆ ಪೆನಿಸಿಲಿನ್ ಕೆಲಸ ಮಾಡುತ್ತದೆಂದು 1943ರಲ್ಲಿ ಅಮೆರಿಕದ ವೈದ್ಯ ಜಾನ್ ಮಹೋನಿ ನಾಲ್ವರು ರೋಗಿಗಳಲ್ಲಿ ತೋರಿಸಿಕೊಟ್ಟರು. ಗೊನೊರಿಯಾ ರೋಗಾಣು ಸಲ್ಫಾ, ಪೆನಿಸಿಲಿನ್, ಸಿಪ್ರೊಫ್ಲಾಕ್ಸಸಿನ್ ಹೀಗೆ ಒಂದೊಂದೇ ಔಷಧವನ್ನು ಸೋಲಿಸುತ್ತಾ ಬಂದಿದೆ. ಸಿಫಿಲಿಸ್ ರೋಗಾಣು ಮಾತ್ರ ಇಂದಿಗೂ ಪೆನಿಸಿಲಿನ್ ಎದುರು ತಲೆ ಎತ್ತಿಲ್ಲ. ಅದು ಬಹಳ ನಿಧಾನವಾಗಿ, ಸುಮಾರು 30 ಗಂಟೆಗೊಮ್ಮೆ, ಇಮ್ಮಡಿಯಾಗುತ್ತದೆ. ಆದ್ದರಿಂದ ದೇಹದಲ್ಲಿ ವಾರಗಟ್ಟಲೆ ಉಳಿಯುವ ಬೆಂಜಥೀನ್ ಪೆನಿಸಿಲಿನ್ ಬೇಕು. ಒಂದು ವರ್ಷದೊಳಗಿನ ಸೋಂಕಿಗೆ 24 ಲಕ್ಷ ಯೂನಿಟ್, ಒಂದೇ ಸಲ, ಎರಡು ಪೃಷ್ಠಗಳಿಗೆ ಹಂಚಿ. ಮಾತ್ರೆಯಲ್ಲೇ ಮುಗಿಸಲಾಗದೇ ಎಂದು ಆತ ಕೇಳಿದ. ಪೆನಿಸಿಲಿನ್ ಒಗ್ಗದವರಿಗೆ ಎರಡು ವಾರದ ಡಾಕ್ಸಿಸೈಕ್ಲಿನ್ ಕೊಡುವುದುಂಟು, ಒಗ್ಗುವವರಿಗೆ ಸೂಜಿಯೇ ಮೇಲು. ಕ್ಲಮೈಡಿಯಾಗೆಂದು ಏಳು ದಿನದ ಡಾಕ್ಸಿಸೈಕ್ಲಿನ್ ಹೇಗೂ ಬರೆಯಬೇಕಿತ್ತು.

ಕಳುಹಿಸುವ ಮೊದಲು ಎಚ್ಚರಿಸಿದ್ದೆ: ಇಂದು ರಾತ್ರಿ ಚಳಿಜ್ವರ ಬರಬಹುದು, ಮೈಕೈ ನೋಯಬಹುದು, ಮಚ್ಚೆಗಳು ಇನ್ನಷ್ಟು ಕೆಂಪಾಗಬಹುದು, ಅದು ಅಲರ್ಜಿಯಲ್ಲ. ಸಾಯುತ್ತಿರುವ ರೋಗಾಣುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು. ಯಾರಿಷ್-ಹರ್ಕ್ಸ್‌ಹೈಮರ್ ಎಂಬ ನಾಲಗೆ ತೊಡರುವ ಹೆಸರು, 24 ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಉಸಿರು ಕಟ್ಟಿದರೆ, ಮುಖ ಊದಿದರೆ ಮಾತ್ರ ಅದು ಬೇರೆಯೇ ವಿಷಯ, ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಿದ್ದೆ. ರಾತ್ರಿ ಹತ್ತಕ್ಕೆ ಫೋನ್ ಬಂತು. "ಬಂತು ಡಾಕ್ಟರ್, ನೀವು ಹೇಳಿದ ಜ್ವರ." ಧ್ವನಿಯಲ್ಲಿ ಭಯಕ್ಕಿಂತ ಸಮಾಧಾನವೇ ಹೆಚ್ಚಿತ್ತು.

ಯಾರಿಗೆ ಹೇಳುವುದು

ಕಷ್ಟದ ಭಾಗ ಇನ್ನು ಮುಂದೆ. ರೋಗಿಯಾಗಿ ಬಂದವನು ಒಬ್ಬನೇ ಆದರೂ ಈ ಸೋಂಕು ಒಬ್ಬರದಲ್ಲ. ಎರಡನೆಯ ಹಂತದ ಸಿಫಿಲಿಸ್ ಆದರೆ ಹಿಂದಿನ ಆರು ತಿಂಗಳು, ಅದರ ಮೇಲೆ ಲಕ್ಷಣಗಳಿದ್ದಷ್ಟು ಕಾಲ, ಯಾರು ಯಾರ ಜೊತೆ ಸಂಪರ್ಕವಾಗಿದೆಯೋ ಅವರೆಲ್ಲರಿಗೂ ಸುದ್ದಿ ಮುಟ್ಟಬೇಕು. ಇಲ್ಲಿ ಆ ಲೆಕ್ಕಕ್ಕೆ ಬರುವವರು ಇಬ್ಬರು.

ಗೆಳತಿಯ ಜೊತೆ ರಾಜಿಯಾದದ್ದು ಒಂಬತ್ತು ವಾರದ ಹಿಂದೆ, ತುಟಿಯ ಹುಣ್ಣು ಇನ್ನೂ ಮಾಯದೆ ಇದ್ದಾಗ. ಅವರಿಬ್ಬರ ನಡುವೆ ಮೊದಮೊದಲು ಕಾಂಡೋಮ್ ಇತ್ತು, ಮೂರನೆಯ ತಿಂಗಳಲ್ಲಿ ಬಿಟ್ಟರು. ಏಕೆ ಎಂದು ಕೇಳಿದರೆ "ನಂಬಿಕೆ ಬಂತು" ಎಂದ. ಈ ಉತ್ತರವನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ. ಪ್ರಾಯದ ಜೋಡಿಗಳಲ್ಲಿ ಕಾಂಡೋಮ್ ಬಿಡುವುದು ಒಂದು ಬಗೆಯ ನಿಶ್ಚಿತಾರ್ಥ. ಅದನ್ನು ಮತ್ತೆ ತನ್ನಿ ಎಂದರೆ ನಂಬಿಕೆಯನ್ನೇ ಹಿಂದಕ್ಕೆ ಕೇಳಿದಂತೆ. ಬಿಡುವ ಮೊದಲು ಇಬ್ಬರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬಹುದೆಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಗರ್ಭ ನಿಲ್ಲದಂತೆ ಮಾತ್ರೆ ಇದೆಯಲ್ಲ, ಇನ್ನೇನು ಎಂಬ ಲೆಕ್ಕ.

ಆತನ ಮೊದಲ ಕೋರಿಕೆ ಹೀಗಿತ್ತು: "ಅವಳಿಗೆ ಗೊತ್ತಾಗದ ಹಾಗೆ ಔಷಧ ಕೊಡಬಹುದೇ? ವಿಟಮಿನ್ ಎಂದು ಹೇಳಿ ನಾನೇ ನುಂಗಿಸುತ್ತೇನೆ."

ಆಗುವುದಿಲ್ಲ ಎಂದೆ. ಸಿಫಿಲಿಸ್‌ಗೆ ಬೇಕಾದದ್ದು ಸೂಜಿ, ಗೊತ್ತಾಗದ ಹಾಗೆ ಚುಚ್ಚುವುದು ಹೇಗೆ? ಆಕೆಗೆ ಪೆನಿಸಿಲಿನ್ ಒಗ್ಗುತ್ತದೆಯೇ, ಆಕೆ ಗರ್ಭಿಣಿಯೇ, ಎಷ್ಟು ಕಾಲದ ಸೋಂಕು, ಯಾವುದೂ ನಮಗೆ ತಿಳಿಯದು. ಎಲ್ಲಕ್ಕಿಂತ ಮೊದಲು, ಅದು ಆಕೆಯ ದೇಹ. ಆತ ವಾದ ಮಾಡಲಿಲ್ಲ. ತಲೆ ತಗ್ಗಿಸಿಕೊಂಡು, ನಾನೊಬ್ಬನೇ ಹೀಗೆಯೇ ಎಂದು ಕೇಳಿದ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ 15ರಿಂದ 49 ವರ್ಷದ 80 ಲಕ್ಷ ಮಂದಿಗೆ ಹೊಸದಾಗಿ ಸಿಫಿಲಿಸ್ ತಗುಲಿತು ಎಂದೆ. ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಿಯಾಸಿಸ್ ನಾಲ್ಕನ್ನೂ ಕೂಡಿಸಿದರೆ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸ ಸೋಂಕುಗಳು, ನಾಲ್ಕೂ ಗುಣವಾಗುವಂಥವು. ಅಂಕಿಗಳಿಂದ ಯಾರಿಗೂ ಧೈರ್ಯ ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಆತ ಮೊದಲ ಬಾರಿಗೆ ತಲೆ ಎತ್ತಿ ನೋಡಿದ.

ಸಂದೇಶ ಬರೆಯಲು ಕೂತ. ಮೊದಲ ಬರಹ ಎರಡು ಪುಟ: ಜಗಳ ಏಕಾಯಿತು, ತಾನೆಷ್ಟು ಒಂಟಿಯಾಗಿದ್ದೆ, ಕ್ಷಮೆ, ಮತ್ತೆ ಕ್ಷಮೆ. ಸೋಂಕಿನ ಸುದ್ದಿ ಕೊನೆಯ ಸಾಲಿನಲ್ಲಿತ್ತು. ಆಕೆ ಮೊದಲ ಪುಟದಲ್ಲೇ ಫೋನನ್ನು ಎಸೆದರೆ ಕೊನೆಯ ಸಾಲನ್ನು ಓದುವವರು ಯಾರು ಎಂದು ಕೇಳಿದೆ. ಕ್ಷಮೆ ಎದುರಿಗೆ ಕೂತು ಕೇಳುವಂಥದ್ದು, ಅದನ್ನು ಆಮೇಲೆ ಕೇಳಲಿ. ಹೊಡೆದು ತಿದ್ದಿ ಕೊನೆಗೆ ಮೂರು ವಾಕ್ಯ ಉಳಿಯಿತು. ನನಗೆ ಸಿಫಿಲಿಸ್ ಮತ್ತು ಕ್ಲಮೈಡಿಯಾ ಎಂಬ ಎರಡು ಸೋಂಕುಗಳಿವೆ. ನಿನಗೂ ಇರಬಹುದು, ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿಸಬೇಕು, ಎರಡಕ್ಕೂ ಪೂರ್ತಿ ಚಿಕಿತ್ಸೆ ಇದೆ. ಈ ವೈದ್ಯರನ್ನು ನೋಡಬಹುದು, ಅಥವಾ ನಿನಗೆ ಬೇಕಾದವರನ್ನು.

ಕಳುಹಿಸಲು ಮೂರು ದಿನ ತೆಗೆದುಕೊಂಡ.

ಎರಡನೆಯ ಕಡತ

ಆಕೆ ಒಬ್ಬಳೇ ಬಂದಳು, 22 ವರ್ಷ. ಕೂರುವ ಮೊದಲೇ ಕೇಳಿದಳು: "ಇದು ಅವನಿಂದಲೇ ಬಂದದ್ದು ಎಂದು ಬರೆದುಕೊಡುತ್ತೀರಾ?"

ಮೊದಲು ಪರೀಕ್ಷೆ ಮಾಡೋಣ ಎಂದೆ. ಮೈಮೇಲೆ ಏನೂ ಇರಲಿಲ್ಲ. ಹುಣ್ಣು ಆದ ನೆನಪೂ ಇಲ್ಲ. ಹೆಂಗಸರಲ್ಲಿ ಅದು ಯೋನಿಯ ಒಳಗೆ, ಗರ್ಭಕೊರಳಿನ ಮೇಲೆ ಎದ್ದು, ನೋಯದೆ, ಕಾಣದೆ, ಮಾಯ್ದು ಹೋಗಬಹುದು. ವಿಡಿಆರ್‌ಎಲ್ 1:32, ಟಿಪಿಎಚ್‌ಎ ಪಾಸಿಟಿವ್. ಎಚ್‌ಐವಿ ಇಲ್ಲ. ಗರ್ಭಪರೀಕ್ಷೆ ನೆಗೆಟಿವ್. ಇದನ್ನು ಕೇಳಿದ್ದೇಕೆ ಎಂದು ಆಕೆಗೆ ಸಿಟ್ಟು ಬಂತು, ವಿವರಿಸಬೇಕಾಯಿತು. ಗರ್ಭಿಣಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಚಿಕಿತ್ಸೆಯಾಗದ ಸಿಫಿಲಿಸ್ ಗರ್ಭದ ಶಿಶುವನ್ನು ಮುಟ್ಟುತ್ತದೆ, ಕೊಲ್ಲಲೂಬಹುದು. ಮತ್ತೆ, ಆಕೆಯ ಮಾದರಿಯಲ್ಲೂ ಕ್ಲಮೈಡಿಯಾ ಇತ್ತು.

ಈ ಎರಡನೆಯದರ ಬಗ್ಗೆ ಆಕೆಯ ಜೊತೆ ಹೆಚ್ಚು ಹೊತ್ತು ಮಾತಾಡಿದೆ. ಸಿಫಿಲಿಸ್ ಎಂಬ ಹೆಸರಿಗೆ ಜನ ಹೆದರುತ್ತಾರೆ, ಕ್ಲಮೈಡಿಯಾ ಎಂದರೆ ಯಾವುದೋ ಹೂವಿನ ಹೆಸರಿನಂತೆ ಕೇಳಿಸಿಕೊಳ್ಳುತ್ತಾರೆ. ಆದರೆ ಸದ್ದಿಲ್ಲದೆ ಗರ್ಭನಾಳಗಳವರೆಗೆ ಏರಿ, ಅಲ್ಲಿ ಗಾಯದ ಕಲೆ ಉಳಿಸಿ, ವರ್ಷಗಳ ನಂತರ ಬಂಜೆತನಕ್ಕೋ ಗರ್ಭಕೋಶದ ಹೊರಗೆ ನಿಲ್ಲುವ ಬಸಿರಿಗೋ ಕಾರಣವಾಗುವುದು ಇದೇ. ಇಪ್ಪತ್ತರ ಆಸುಪಾಸಿನಲ್ಲಿ ಗರ್ಭಕೊರಳಿನ ಹೊರಮೈಯಲ್ಲಿ ಒಳಪದರದ ಮೆದು ಜೀವಕೋಶಗಳು ಹರಡಿಕೊಂಡಿರುತ್ತವೆ, ಕ್ಲಮೈಡಿಯಾಗೆ ಅವು ತೆರೆದ ಬಾಗಿಲು. ಲೈಂಗಿಕವಾಗಿ ಸಕ್ರಿಯರಾದ 25 ವರ್ಷದೊಳಗಿನ ಹೆಣ್ಣುಮಕ್ಕಳು ಲಕ್ಷಣವಿಲ್ಲದಿದ್ದರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವುದು ಈ ಕಾರಣಕ್ಕೇ.

ಆಕೆಗೂ 24 ಲಕ್ಷ ಯೂನಿಟ್ ಪೆನಿಸಿಲಿನ್, ಏಳು ದಿನದ ಮಾತ್ರೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಇನ್ನೂ ಆಗಿರಲಿಲ್ಲ, ಅದನ್ನೂ ಬರೆದೆ.

ಮರುವಾರ ಇಬ್ಬರೂ ಬಂದರು, ಬೇರೆ ಬೇರೆ ಹೊತ್ತಿನಲ್ಲಿ. ಆತನಿಗೆ ಈಗ ಹೊಸ ಪ್ರಶ್ನೆ: "ಅವಳಿಗೆ ಕ್ಲಮೈಡಿಯಾ ಎಲ್ಲಿಂದ ಬಂತು?" ತಪ್ಪಿತಸ್ಥನಾಗಿ ಒಂದು ವಾರ ಕಳೆದವನಿಗೆ ನ್ಯಾಯಾಧೀಶನಾಗುವ ಅವಕಾಶ ಸಿಕ್ಕಿತ್ತು. ಕ್ಲಮೈಡಿಯಾ ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮಿಕ್ಕಿ, ಲಕ್ಷಣವಿಲ್ಲದೆ ಉಳಿಯಬಲ್ಲದು. ಅವರಿಬ್ಬರೂ ಭೇಟಿಯಾಗುವ ಮೊದಲೇ ಇಬ್ಬರಲ್ಲಿ ಯಾರಿಗಾದರೂ ಇದ್ದಿರಬಹುದು, ಬಿಡುವಿನ ವಾರಗಳಲ್ಲಿ ಬಂದಿರಬಹುದು. ಸೋಂಕು ಯಾರಿಂದ ಯಾರ ಕಡೆಗೆ ನಡೆಯಿತೆಂದು ನಾನು ಮಾಡಿಸಿದ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೇಳುವಂತಿದ್ದರೂ ನಾನು ಬರೆದುಕೊಡುತ್ತಿರಲಿಲ್ಲ. ಆಕೆಗೆ ಬರೆದುಕೊಡದ್ದನ್ನು ಆತನಿಗೂ ಬರೆದುಕೊಡಲಿಲ್ಲ.

ಈ ಕಾಯಿಲೆಯ ಹೆಸರಿನ ಚರಿತ್ರೆಯೇ ದೂರುವ ಚರಿತ್ರೆ. 1495ರ ಸುಮಾರಿಗೆ ಯುರೋಪಿನಲ್ಲಿ ಸಿಫಿಲಿಸ್ ಭುಗಿಲೆದ್ದಾಗ ಇಟಲಿಯವರು ಅದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸಿನ ರೋಗ ಎಂದರು, ರಷ್ಯನ್ನರು ಪೋಲೆಂಡಿನವರ ಮೇಲೆ ಹಾಕಿದರು. ಕನ್ನಡದಲ್ಲಿ ಅದರ ಹಳೆಯ ಹೆಸರು ಪರಂಗಿ ಹುಣ್ಣು, ಎಂದರೆ ಪರದೇಶದವರ ಹುಣ್ಣು. ಯಾವ ಭಾಷೆಯವರೂ ಅದನ್ನು ತಮ್ಮದೆಂದು ಕರೆದುಕೊಂಡಿಲ್ಲ. 1905ರಲ್ಲಿ ಬರ್ಲಿನ್ನಿನಲ್ಲಿ ಷೌಡಿನ್ ಮತ್ತು ಹಾಫ್‌ಮನ್ ಸೂಕ್ಷ್ಮದರ್ಶಕದ ಕೆಳಗೆ ತಿರುಪಿನಂತಹ ಆ ರೋಗಾಣುವನ್ನು ಕಂಡಾಗ ಅದಕ್ಕೆ ಯಾವ ದೇಶವೂ ಇರಲಿಲ್ಲ. ಇದನ್ನೆಲ್ಲ ಆತನಿಗೆ ಹೇಳಿದೆನೇ? ಸ್ವಲ್ಪ ಹೇಳಿದೆ. ಕೇಳಿಸಿಕೊಂಡನೋ ಇಲ್ಲವೋ.

ಏಳು ದಿನ ಮುಗಿಯುವವರೆಗೆ, ಮಚ್ಚೆ ಪೂರ್ತಿ ಹೋಗುವವರೆಗೆ, ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ಸಂಪರ್ಕ ಬೇಡವೆಂದು ಇಬ್ಬರಿಗೂ ಹೇಳಿದ್ದೆ. ಅಗತ್ಯವೇ ಬೀಳಲಿಲ್ಲ. ಅವರು ಬೇರೆಯಾದರು.

ಒಂದು ವರ್ಷ

ಆಕೆ ಮೂರು ತಿಂಗಳಿಗೆ ಬಂದು ಕ್ಲಮೈಡಿಯಾ ಮರುಪರೀಕ್ಷೆ ಮಾಡಿಸಿಕೊಂಡಳು, ಇರಲಿಲ್ಲ. ವಿಡಿಆರ್‌ಎಲ್ 1:8ಕ್ಕೆ ಇಳಿದಿತ್ತು. ಆಮೇಲೆ ಊರು ಬದಲಾಯಿಸಿದಳು. ಎಲ್ಲ ವರದಿಗಳನ್ನೂ ಒಂದೇ ಕಡತದಲ್ಲಿ ಹಾಕಿ ಕೊಟ್ಟೆ, ಮುಂದಿನ ವೈದ್ಯರಿಗೆ ಬಿಡಿ ಚೀಟಿಗಳು ಸಿಗಬಾರದೆಂದು.

ಆತನ ಮಚ್ಚೆಗಳು ಮೂರು ವಾರಕ್ಕೆ ಮಾಸಿದವು, ಕೂದಲು ಮೂರ್ನಾಲ್ಕು ತಿಂಗಳಿಗೆ ತುಂಬಿಕೊಂಡಿತು. ಚಿಕಿತ್ಸೆಯ ದಿನದ 1:256, ಮೂರು ತಿಂಗಳಿಗೆ 1:64, ಆರಕ್ಕೆ 1:16, ಹನ್ನೆರಡಕ್ಕೆ 1:4. ನಾಲ್ಕು ಪಟ್ಟು ಇಳಿದರೆ ಚಿಕಿತ್ಸೆ ಫಲಿಸಿದೆ ಎಂಬುದು ಲೆಕ್ಕ, ಇದು ಅದಕ್ಕಿಂತ ಚೆನ್ನಾಗಿಯೇ ಇಳಿದಿತ್ತು. ಟಿಪಿಎಚ್‌ಎ ಮಾತ್ರ ಬಹುಪಾಲು ಮಂದಿಯಲ್ಲಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಹಳೆಯ ಗಾಯದ ಕಲೆಯಿದ್ದಂತೆ. ನಾಳೆ ರಕ್ತದಾನಕ್ಕೋ ಕೆಲಸದ ವೈದ್ಯಕೀಯ ತಪಾಸಣೆಗೋ ಹೋದಾಗ ಅದನ್ನು ಕಂಡವರು ಗಾಬರಿಯಾಗುತ್ತಾರೆ. ಯಾವ ದಿನ, ಯಾವ ಔಷಧ, ಎಷ್ಟು ಪ್ರಮಾಣ, ಆಮೇಲಿನ ಅಂಕಿಗಳೇನು ಎಂದು ಸಹಿ ಹಾಕಿ ಪತ್ರ ಕೊಟ್ಟೆ. ಒಮ್ಮೆ ಬಂದು ಹೋದದ್ದರಿಂದ ರಕ್ಷಣೆಯೇನೂ ಸಿಗುವುದಿಲ್ಲ, ಮತ್ತೆ ತಗುಲಬಹುದು ಎಂದೂ ಹೇಳಿದೆ.

ಕಡತದಲ್ಲಿ 'ಸಂಪರ್ಕಿತರು' ಎಂಬ ಒಂದು ಕಾಲಂ ಇರುತ್ತದೆ. ಮೊದಲ ಸಾಲಿನಲ್ಲಿ ಗೆಳತಿ: ಪರೀಕ್ಷೆ ಆಗಿದೆ, ಚಿಕಿತ್ಸೆ ಆಗಿದೆ. ಎರಡನೆಯ ಸಾಲಿನವರ ನಿಜವಾದ ಹೆಸರು ಆತನಿಗೆ ಗೊತ್ತಿರಲಿಲ್ಲ. ಫೋನ್ ಸಂಖ್ಯೆ ಇರಲಿಲ್ಲ, ಆ್ಯಪ್‌ನಲ್ಲಿ ಒಂದು ಚಿತ್ರ ಮತ್ತು ಒಂದು ಅಡ್ಡಹೆಸರು ಅಷ್ಟೇ. ಭೇಟಿಯ ಮರುದಿನವೇ ಆತ ಅವರನ್ನು ಆ್ಯಪ್‌ನಲ್ಲಿ ತಡೆಹಿಡಿದಿದ್ದ, ಎಂದರೆ ಬ್ಲಾಕ್ ಮಾಡಿದ್ದ. ತಡೆ ತೆಗೆದು, ಅವೇ ಮೂರು ವಾಕ್ಯಗಳನ್ನು ಸ್ವಲ್ಪ ಬದಲಿಸಿ ನನ್ನೆದುರೇ ಕಳುಹಿಸಿದ. ಹನ್ನೆರಡನೆಯ ತಿಂಗಳಿನ ಭೇಟಿಯಲ್ಲಿ ಏನಾಯಿತೆಂದು ಕೇಳಿದೆ. ಮೊಬೈಲ್ ತೆರೆದು ತೋರಿಸಿದ. ಸಂದೇಶ ಓದಲಾಗಿದೆ ಎಂಬ ಗುರುತು ಇತ್ತು, ಕಳುಹಿಸಿದ ರಾತ್ರಿಯದೇ ತಾರೀಖು. ಉತ್ತರ ಇರಲಿಲ್ಲ.